ಭಾನುವಾರದ ಒಗೆತ

ಜನವರಿ ೮, ಭಾನುವಾರ

ಈ ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ವಾಷಿಂಗ್ ಮಷೀನ್‌ಗಳಿವೆ ಎಂದು ಬಾಡಿಗೆಗೆ ಬರುವಾಗ ಹೇಳಿದ್ದರು. ಶುದ್ಧ ಸುಳ್ಳು. ಇರುವುದು ಒಂದು ಮಷೀನ್, ಇನ್ನೊಂದು ನಾಣ್ಯ ನುಂಗುವ ಡಬ್ಬ. ಇವತ್ತು ಗೋಡೆ ಪಕ್ಕದ್ದಕ್ಕೆ ನಾಣ್ಯ ತುಂಬಿಸಿ ತಳ್ಳಿದೆ. ನೀರು ಬಂತು, ನೊರೆ ಬಂತು, ಒಂದಿಷ್ಟು ಗರಗರ ತಿರುಗಿತು, ಆಮೇಲೆ ನಿಂತೇಬಿಟ್ಟಿತು. ಮುಚ್ಚಳ ತೆಗೆದರೆ ನನ್ನ ಹಾಸಿಗೆ ಬಟ್ಟೆಯೆಲ್ಲ ಸೋಪಿನ ನೀರಿನಲ್ಲಿ ತೇಲುತ್ತಿತ್ತು. ನಾನು ಅದಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾಗ ಹಿಂದಿನಿಂದ ಯಾರೋ ಕೆಮ್ಮಿದರು. ಮೂರನೇ ಮಹಡಿಯ ಆ ಉದ್ದನೆಯ ಮನುಷ್ಯ.

"ಪಕ್ಕಕ್ಕೆ ಒಂದು ಗುದ್ದು ಕೊಡಿ. ಕೈಯಲ್ಲಲ್ಲ, ಸೊಂಟದಲ್ಲಿ."

"ನನ್ನ ಸೊಂಟ ಈ ಕೆಲಸಕ್ಕೆಲ್ಲ ಇಟ್ಟಿದ್ದಲ್ಲ" ಎಂದೆ.

ಅವರು ಬುಟ್ಟಿ ಕೆಳಗಿಟ್ಟು ತಾವೇ ಗುದ್ದಿದರು. ಮಷೀನ್ ತಿರುಗತೊಡಗಿತು. ಥ್ಯಾಂಕ್ಸ್ ಹೇಳಿದೆ, ಅಷ್ಟೇನೂ ಮನಸ್ಸಿನಿಂದಲ್ಲ.

ನನ್ನ ಗಂಡ ಕ್ಲಿಫ್ ಇದ್ದಿದ್ದರೆ ಇದರ ಹಿಂಬದಿ ಬಿಚ್ಚಿ ನೆಲದ ಮೇಲೆ ಹರಡಿ, ಊಟದ ಹೊತ್ತಿಗೆ ಜೋಡಿಸಿಬಿಡುತ್ತಿದ್ದ. ಬಸ್ ಡಿಪೋದಲ್ಲಿ ಎಂಜಿನ್‌ಗಳನ್ನೇ ಕಟ್ಟಿದವನಿಗೆ ಇದೇನು ಮಹಾ. ನಮ್ಮ ಹಳೇ ಮನೆಯ ಮಷೀನಿಗೆ ಅವನು ಎಷ್ಟು ಸಲ ಮರುಜನ್ಮ ಕೊಟ್ಟನೋ. ಈಗ ಆ ಮನೆಯೂ ಇಲ್ಲ, ಆ ಮಷೀನೂ ಇಲ್ಲ. ಅವನು ಹೋದ ಮೇಲೆ ಮೆಟ್ಟಿಲು, ಹಿಮ, ಹಿತ್ತಿಲು ಇವೆಲ್ಲ ನನ್ನ ಕೈಲಿ ಆಗಲಿಲ್ಲ. ಮಾರಿದೆ. ಬಂದು ಇಲ್ಲಿ ಬಿದ್ದೆ.

ನಾಳೆ ಕಟ್ಟಡದ ಮಾಲೀಕನಿಗೆ ಫೋನ್ ಮಾಡುತ್ತೇನೆ. ಹೊಸ ಮಷೀನ್ ಬರುವವರೆಗೆ ಅವನನ್ನು ಬಿಡುವವಳಲ್ಲ.

ಜನವರಿ ೯, ಸೋಮವಾರ

ಮಾಲೀಕ "ನೋಡೋಣ" ಎಂದ. "ನೀವು ನೋಡ್ತಾ ಇರಿ, ನಾನು ದಿನಾ ಫೋನ್ ಮಾಡ್ತಾ ಇರ್ತೀನಿ" ಎಂದೆ. ಫೋನ್ ಇಟ್ಟುಬಿಟ್ಟ.

ಜನವರಿ ೧೫, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇಲ್ಲಿ ಒಂದು ರೂಢಿ. ಮಷೀನ್ ನಿಂತಾಗ ಬಟ್ಟೆಯವರು ಪಕ್ಕದಲ್ಲಿ ಇರದಿದ್ದರೆ, ಮುಂದಿನವರು ಬಟ್ಟೆ ಎತ್ತಿ ಮೇಲೆ ಗುಡ್ಡೆ ಹಾಕಿ ತಮ್ಮದನ್ನು ತುಂಬಬಹುದು. ಈ ಮಷೀನ್ ಮುಗಿದು ನಿಂತಿತೋ, ಕೆಟ್ಟು ನಿಂತಿತೋ ಯಾರಿಗೆ ಗೊತ್ತು? ಹಾಗಾಗಿ ಎಲ್ಲರೂ ಕಾವಲು ಕೂರಬೇಕು. ಎರಡು ಕುರ್ಚಿಗಳಿವೆ. ಭಾನುವಾರ ಬೆಳಿಗ್ಗೆ ಜನ ಚರ್ಚಿಗೆ ಹೋಗುವ ಹೊತ್ತಿನಲ್ಲಿ ನಾನು ಒಂದರಲ್ಲಿ, ಆ ಉದ್ದನೆಯ ಮನುಷ್ಯ ಇನ್ನೊಂದರಲ್ಲಿ. ಅವರು ಶನಿವಾರ ಸಂಜೆಯೇ ಚರ್ಚು ಮುಗಿಸಿಕೊಳ್ಳುತ್ತಾರಂತೆ. ಹೆಸರು ಎಮಿಲ್ ಪಾವ್ಲಿಕ್. ಅಂಚೆ ಇಲಾಖೆಯಲ್ಲಿ ಕಾಗದ ಹಂಚುತ್ತಿದ್ದವರು, ಈಗ ನಿವೃತ್ತಿ. ಮದುವೆಯಾಗಿಲ್ಲ. ಅಮ್ಮನನ್ನು ನೋಡಿಕೊಂಡಿದ್ದರಂತೆ. ಇಷ್ಟನ್ನೂ ನಾನು ಕೇಳಲಿಲ್ಲ, ತಾವೇ ಹೇಳಿದರು.

ನಾನು ಒದ್ದೆ ಬಟ್ಟೆ ತೆಗೆದು ಡ್ರೈಯರಿಗೆ ಹಾಕುತ್ತಿದ್ದೆ. ಕ್ಲಿಫ್‌ನ ಎರಡು ಕೆಲಸದ ಅಂಗಿಗಳನ್ನು ನಾನು ಪ್ರತಿ ವಾರ ಒಗೆಯುತ್ತೇನೆ. ಬೀರುವಿನಲ್ಲೇ ಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಅದೊಂದೇ ಕಾರಣವಲ್ಲ. ಒಬ್ಬಳ ಬಟ್ಟೆ ಮಾತ್ರ ಆ ದೊಡ್ಡ ಡ್ರಮ್ಮಿನಲ್ಲಿ ತಿರುಗುವುದನ್ನು ನೋಡಲು ನನಗಾಗುವುದಿಲ್ಲ. ಅಂಗಿಯ ಜೇಬಿನ ಮೇಲೆ ಡಿಪೋದವರು ಕೆಂಪು ದಾರದಲ್ಲಿ ಹೆಸರು ಹೊಲಿದಿದ್ದಾರೆ. ಎಮಿಲ್ ಪಾವ್ಲಿಕ್ ಅದನ್ನು ಓದಿರಬೇಕು.

"ಕ್ಲಿಫ್ ಹೇಗಿದ್ದಾರೆ?" ಎಂದು ಕೇಳಿದರು. ಎಷ್ಟು ಸಹಜವಾಗಿ ಎಂದರೆ, ಅವನು ಮೇಲೆ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದಾನೆ ಎಂಬಂತೆ.

ಕ್ಲಿಫ್ ಎಂಬ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ಶವಸಂಸ್ಕಾರ ಮುಗಿದ ಮೇಲೆ ಜನ ಅವನ ಹೆಸರನ್ನೇ ನನ್ನಿಂದ ಮುಚ್ಚಿಟ್ಟರು. ನನ್ನ ತಂಗಿಯೂ "ನೀನು ಹೇಗಿದೀಯಾ" ಎನ್ನುತ್ತಾಳೆಯೇ ಹೊರತು ಅವನ ಮಾತೆತ್ತುವುದಿಲ್ಲ.

"ಚೆನ್ನಾಗಿದಾನೆ" ಎಂದುಬಿಟ್ಟೆ. "ಬೆನ್ನು ನೋವು ಒಂದಿದೆ."

ಬೆನ್ನು ನೋವಂತೆ. ಎಲ್ಲಿಂದ ಬಂತೋ ಬಾಯಿಗೆ.

ಜನವರಿ ೨೨, ಭಾನುವಾರ

ಕೇಳಿದರು. ಕೇಳಲಿ ಎಂದೇ ಕಾದಿದ್ದೆ. ಬೆನ್ನು ವಾಸಿ ಎಂದೆ. ಡಿಪೋದಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದೆ. "ಅಂಚೆ ಡಬ್ಬಿ ಮೇಲೆ ಇಬ್ಬರ ಹೆಸರೂ ನೋಡ್ದೆ" ಎಂದರು. ಹೌದು, ಒಂಟಿ ಹೆಂಗಸು ಎಂದು ಊರಿಗೆಲ್ಲ ಬೋರ್ಡು ಹಾಕುವುದು ಬೇಡ ಎಂದು ನನ್ನ ತಂಗಿಯೇ ಹಾಗೆ ಬರೆಸಿದ್ದು.

ಕ್ಲಿಫ್ ಮೊಟ್ಟೆ ಹುರಿಯುವಾಗ ಹೇಗೆ ಶಿಳ್ಳೆ ಹಾಕುತ್ತಾನೆ, ಕಾರು ನಿಲ್ಲಿಸಲು ಜಾಗ ಸಿಗದಿದ್ದರೆ ಪಾದ್ರಿಯ ಎದುರೂ ಹೇಗೆ ಬೈಯುತ್ತಾನೆ, ಎಲ್ಲ ಹೇಳಿದೆ. ಹಾಕುತ್ತಾನೆ, ಬೈಯುತ್ತಾನೆ. "ಹಾಕುತ್ತಿದ್ದ" ಎನ್ನುವುದಕ್ಕಿಂತ ಈ ಮಾತು ನಾಲಿಗೆಗೆ ಎಷ್ಟು ಹಿತ. ಮಷೀನ್ ನಡುವೆ ಎರಡು ಸಲ ನಿಂತಿತು. ಬೇಜಾರಾಗಲಿಲ್ಲ.

ಮೆಟ್ಟಿಲು ಹತ್ತಿ ಬಂದು ಬೀಗ ತೆಗೆದಾಗ ಮಾತ್ರ, ಒಳಗೆ ಶಿಳ್ಳೆ ಕೇಳಬೇಕಿತ್ತು ಎನಿಸಿ ಬಾಗಿಲಲ್ಲೇ ನಿಂತೆ.

ಫೆಬ್ರವರಿ ೫, ಭಾನುವಾರ

ಕಟ್ಟಡ ನೋಡಿಕೊಳ್ಳುವ, ಎಲ್ಲ ಹೆಂಗಸರನ್ನೂ ‘ಮಿಸ್’ ಎಂದೇ ಕರೆಯುವ ವೆರ್ನಾ ಪೊರಕೆ ಹಿಡಿದು ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಿಸ್ ಮಾರ್ಲೀನ್, ಬಟ್ಟೆ ಒಗೆಯೋಕೆ ಲಿಪ್‌ಸ್ಟಿಕ್ ಹಚ್ಕೊಂಡು ಬರೋರನ್ನ ನಾನು ಇಲ್ಲಿವರೆಗೂ ನೋಡಿರ್ಲಿಲ್ಲ ಕಣ್ರೀ."

"ಚಳಿಗೆ ತುಟಿ ಒಡೀತದೆ" ಎಂದೆ.

"ಒಡೀತದೆ, ಒಡೀತದೆ. ಭಾನುವಾರ ಮಾತ್ರ ಒಡೀತದೆ."

ಅವಳಿಗೆ ಬೇರೆ ಕೆಲಸವಿಲ್ಲ. ಮಿಚಿಗನ್ ಸರೋವರದ ಗಾಳಿಗೆ ಮಿಲ್ವಾಕಿಯಲ್ಲಿ ಯಾರ ತುಟಿ ನೆಟ್ಟಗಿದೆ? ಎಮಿಲ್ ಆಗಿನ್ನೂ ಬಂದಿರಲಿಲ್ಲ, ಸದ್ಯ.

ಫೆಬ್ರವರಿ ೧೨, ಭಾನುವಾರ

ಮಷೀನ್ ಇವತ್ತು ಒಂದು ಸಲವೂ ನಿಲ್ಲದೆ ಮುಗಿಸಿತು. ನೀರು ಹಿಂಡುವಾಗ ಒಂದೇ ಕಡೆ ಭಾರ ಬಿದ್ದು ಕುಣಿದಾಡುತ್ತದಲ್ಲ, ಅದೂ ಇಲ್ಲ. ಎಮಿಲ್ ತಮ್ಮ ಅಮ್ಮನ ಕಥೆ ಹೇಳುತ್ತಿದ್ದರು. ಕಡೆಕಡೆಗೆ ಆಕೆಗೆ ಮಗ ಯಾರು ಎಂದೇ ಗೊತ್ತಾಗುತ್ತಿರಲಿಲ್ಲವಂತೆ. ದಿನಾ ಬಾಗಿಲು ತೆರೆದು "ನನಗೆ ಕಾಗದ ಬಂತಾ?" ಎಂದು ಕೇಳುತ್ತಿದ್ದಳಂತೆ. ಇವರು ದಿನಾ ಒಂದು ಕಾಗದ ಬರೆದು ಮಾರನೇ ದಿನ ತಾವೇ ತಂದು ಕೊಡುತ್ತಿದ್ದರಂತೆ. ಹೇಳಿ ತಾವೇ ನಕ್ಕರು. ನನಗೆ ನಗಲಾಗಲಿಲ್ಲ. ಕಾಗದ ಹೊತ್ತು ಹೊತ್ತು ಅವರ ಎಡ ಭುಜ ಸ್ವಲ್ಪ ಇಳಿದಿದೆ. ಮೊದಲು ಗಮನಿಸಿರಲಿಲ್ಲ.

ಮಷೀನ್ ಇಷ್ಟು ಬೇಗ ಮುಗಿಸಿತಲ್ಲ ಎಂದು ಸಿಟ್ಟು ಬಂತು.

ಮನೆಗೆ ಬಂದು ನೋಡಿದರೆ ಕ್ಲಿಫ್‌ನ ಅಂಗಿಗಳು ಬಾಗಿಲ ಹಿಂದಿನ ಮೊಳೆಯಲ್ಲೇ ಇದ್ದವು. ಬುಟ್ಟಿಗೆ ಹಾಕಲು ಮರೆತಿದ್ದೆ. ಸಿಂಕಿನಲ್ಲಿ ಕೈಯಲ್ಲೇ ಒಗೆದು ಹರಡಿದೆ. ಎಂಥ ಹೆಂಗಸು ನಾನು.

ಫೆಬ್ರವರಿ ೧೯, ಭಾನುವಾರ

"ಕ್ಲಿಫ್‌ಗೆ ಇಸ್ಪೀಟು ಬರುತ್ತಾ? ಶೀಪ್ಸ್‌ಹೆಡ್ ಆಡೋಕೆ ನಮಗೆ ಒಬ್ಬರು ಕಮ್ಮಿ ಇದಾರೆ. ಬುಧವಾರ ಕಳಿಸ್ತೀರಾ?" ಎಂದು ಎಮಿಲ್ ಕೇಳಿದರು.

"ಅವನಿಗೆ ಪಾಳಿ ಇರುತ್ತೆ" ಎಂದೆ.

"ರಜೆ ದಿನ?"

"ರಜೆ ದಿನ ಅವನು ನಿದ್ದೆ ಮಾಡ್ತಾನೆ."

"ಪಾಪ, ಒಳ್ಳೆ ಮನುಷ್ಯ. ಎಷ್ಟು ದುಡೀತಾರೆ" ಎಂದರು.

ಮೈ ಉರಿದುಹೋಯಿತು. ಬಂದಾಗಿನಿಂದ ಕ್ಲಿಫ್ ಹೇಗಿದ್ದಾರೆ, ಕ್ಲಿಫ್ ಏನು ತಿಂತಾರೆ, ಕ್ಲಿಫ್ ಎಲ್ಲಿ. ಇವರಿಗೆ ಮಾತಾಡಲು ಬೇರೆ ವಿಷಯವೇ ಇಲ್ಲವೇ? ನಾನು ಇಷ್ಟು ಹತ್ತಿರ ಕೂತಿರುತ್ತೇನೆ, ನಾನು ಹೇಗಿದ್ದೇನೆ ಎಂದು ಒಂದು ಸಲ ಕೇಳಬಾರದೇ?

ಮಾರ್ಚ್ ೩, ಶುಕ್ರವಾರ

ಸಂಜೆ ಬಾಗಿಲು ತಟ್ಟಿದ ಸದ್ದು. ಎಮಿಲ್. ಎರಡು ಕೈಯಲ್ಲೂ ಬಿಸಿ ಪೊಟ್ಟಣ. ಈಸ್ಟರ್‌ಗೆ ಮುಂಚಿನ, ಮಾಂಸ ಮುಟ್ಟದ ಉಪವಾಸದ ಶುಕ್ರವಾರಗಳಲ್ಲಿ ಅವರ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುತ್ತಾರಲ್ಲ, ಅಲ್ಲಿಂದ ತಂದಿದ್ದರು. ಕಾಡ್ ಮೀನು, ಆಲೂಗಡ್ಡೆ ದೋಸೆ, ರೈ ಬ್ರೆಡ್ಡು.

"ಇದು ನಿಮಗೆ. ಇದು ಕ್ಲಿಫ್‌ಗೆ, ಪಾಳಿಗೆ ಹೋಗೋ ಮುಂಚೆ ತಿನ್ನಲಿ. ಅವರಿಗೆ ಒಂದು ತುಂಡು ಜಾಸ್ತಿ ಹಾಕಿಸಿದೀನಿ."

ಒಳಗೆ ಇಣುಕಲಿಲ್ಲ. ಮಲಗಿದವರಿಗೆ ಎಚ್ಚರವಾದೀತು ಎಂದು ದನಿಯನ್ನೂ ತಗ್ಗಿಸಿದ್ದರು. ಬಾಗಿಲನ್ನು ಸದ್ದಾಗದಂತೆ ತಾವೇ ಎಳೆದುಕೊಂಡು ಹೋದರು.

ಕ್ಲಿಫ್‌ಗೆ ಮೀನಿನ ವಾಸನೆಯೇ ಆಗುತ್ತಿರಲಿಲ್ಲ. ನಾನು ಎರಡೂ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಎದುರುಬದುರು ಇಟ್ಟೆ. ನನ್ನದನ್ನು ತಿಂದೆ. ಆಮೇಲೆ ಅವನದನ್ನೂ ತಿಂದೆ. ಸುಳ್ಳು ಹೇಳುವುದಿಲ್ಲ, ಎರಡೂ ತುಂಬ ರುಚಿಯಾಗಿದ್ದವು. ಎದುರಿನ ಕುರ್ಚಿಯಲ್ಲಿ ಯಾರು ಕೂತಿರಬೇಕಿತ್ತು ಎಂದು ಯೋಚಿಸಿದೆ. ಮೊದಲು ಮನಸ್ಸಿಗೆ ಬಂದ ಮುಖ ಕ್ಲಿಫ್‌ನದಾಗಿರಲಿಲ್ಲ. ಎದ್ದು ಪಾತ್ರೆ ತೊಳೆದೆ.

ಮಾರ್ಚ್ ೫, ಭಾನುವಾರ

"ಮೀನು ಹಿಡಿಸ್ತಾ ಕ್ಲಿಫ್‌ಗೆ?"

"ಹಿಡಿಸ್ತು."

ಇನ್ನೇನೂ ಬರೆಯಲಾರೆ.

ಮಾರ್ಚ್ ೧೪, ಮಂಗಳವಾರ

ವೆರ್ನಾ ಗೋಡೆಗೆ ಚೀಟಿ ಅಂಟಿಸಿದ್ದಾಳೆ. ಇದೇ ತಿಂಗಳ ಕೊನೆಯ ಸೋಮವಾರ ಎರಡೂ ಹಳೇ ಮಷೀನ್ ಹೊರಗೆ. ಹೊಸವು ಬರುತ್ತವೆ. ನಾಣ್ಯ ಬೇಡ, ಕಾರ್ಡು ತೋರಿಸಿದರೆ ಸಾಕು. ಎಷ್ಟು ಹೊತ್ತು ಬೇಕೆಂದು ಮೊದಲೇ ಹೇಳುತ್ತವೆ, ಮುಗಿದ ಕೂಡಲೇ ಫೋನಿಗೆ ಸುದ್ದಿ ಕಳಿಸುತ್ತವೆ.

"ಎಲ್ಲ ನಿಮ್ಮ ಗಲಾಟೆಯಿಂದಲೇ ಆಗಿದ್ದು ಮಿಸ್ ಮಾರ್ಲೀನ್" ಎಂದಳು ವೆರ್ನಾ. "ಮಾಲೀಕ ನಿಮ್ಮ ನಂಬರ್ ನೋಡಿದ್ರೆ ಫೋನ್ ಬಚ್ಚಿಡ್ತಾನಂತೆ. ಇನ್ಮೇಲೆ ಯಾರೂ ಈ ತಣ್ಣನೆ ಗುಹೇಲಿ ಕಾವಲು ಕೂರಬೇಕಾಗಿಲ್ಲ. ಬಟ್ಟೆ ಹಾಕಿ ಮೇಲೆ ಹೋಗಿ ಕಾಫಿ ಕುಡೀರಿ."

ಅವಳು ಹೊಗಳುತ್ತಿದ್ದಾಳೆ. ನನಗೆ ಮಾತ್ರ ಯಾರೋ ಕಾಲ ಕೆಳಗಿನ ಹಲಗೆ ಎಳೆದ ಹಾಗಾಯಿತು. ನನಗೆ ಕಾಫಿ ಬೇಡ. ನನಗೆ ಆ ತಣ್ಣನೆಯ ಗುಹೆ ಬೇಕು, ಕೆಟ್ಟು ನಿಲ್ಲುವ ಆ ಮಷೀನೇ ಬೇಕು, ಪಕ್ಕದಲ್ಲಿ ಆ ಇಳಿದ ಭುಜದ ಮನುಷ್ಯ ಬೇಕು. ಯಾರೂ ಓದದ ಪುಸ್ತಕ ಇದು, ಬರೆದುಬಿಡುತ್ತೇನೆ. ವಾರವೆಲ್ಲ ನಾನು ಭಾನುವಾರಕ್ಕಾಗಿ ಬದುಕುತ್ತಿದ್ದೇನೆ.

ಮಷೀನ್ ಸರಿಯಾದರೆ ಎಮಿಲ್ ಬಟ್ಟೆ ಹಾಕಿ ಮೇಲೆ ಹೋಗುತ್ತಾನೆ. ಇನ್ನೊಬ್ಬನ ಹೆಂಡತಿಯ ಬಾಗಿಲಿಗೆ ಸುಮ್ಮಸುಮ್ಮನೆ ಬರುವ ಜಾಯಮಾನದವನಲ್ಲ ಅವನು. ಅದಕ್ಕೆ ಮುಂಚೆ ನಿಜ ಹೇಳಬೇಕು. ಏನಂತ ಹೇಳಲಿ? ಬೆನ್ನು ನೋವಿತ್ತಲ್ಲ, ಆ ಕ್ಲಿಫ್ ನಿಮ್ಮ ಮೀನು ತಿನ್ನುವುದಕ್ಕೆ ಎಷ್ಟೋ ಮೊದಲೇ ಸತ್ತಿದ್ದ, ಎಂದೇ?

ಮಾರ್ಚ್ ೧೯, ಭಾನುವಾರ

ಹೇಳಲಿಲ್ಲ. ಅವನಿಗೆ ನೆಗಡಿಯಾಗಿತ್ತು. ನೆಗಡಿಯವರಿಗೆ ಇಂಥದ್ದನ್ನೆಲ್ಲ ಹೇಳಬಾರದು.

ಮಾರ್ಚ್ ೨೬, ಭಾನುವಾರ

ಹಳೇ ಮಷೀನುಗಳ ಕೊನೆಯ ಭಾನುವಾರ. ಬಾಗಿಲ ಪಕ್ಕದ್ದು ಪೂರ್ತಿ ಸತ್ತಿತ್ತು. ಗೋಡೆ ಪಕ್ಕದ್ದು ಮಾತ್ರ ಹಾಗೂ ಹೀಗೂ ಉಸಿರಾಡುತ್ತಿತ್ತು. ಎಮಿಲ್ ನನ್ನ ಬುಟ್ಟಿ ನೋಡಿದ, ತನ್ನದನ್ನು ನೋಡಿಕೊಂಡ.

"ಒಟ್ಟಿಗೇ ಹಾಕಿಬಿಡೋಣ್ವಾ? ನಂದು ಸ್ವಲ್ಪಾನೇ ಇರೋದು."

ಹಾಕಿದೆವು. ಅವನ ಬನಿಯನ್ನು, ಕಾಲುಚೀಲ, ನನ್ನ ರಾತ್ರಿಯಂಗಿ, ದಿಂಬಿನ ಚೀಲ. ನಾನು ಮುಖ ಬೇರೆ ಕಡೆ ತಿರುಗಿಸಿದ್ದೆ. ಕೆನ್ನೆ ಬೆಚ್ಚಗಾಗಿತ್ತು, ಈ ವಯಸ್ಸಿನಲ್ಲಿ. ನಾಣ್ಯ ತಳ್ಳಿದ್ದಾಯಿತು, ನೀರು ಬಂದು ನೊರೆ ಏಳತೊಡಗಿತು. ಅವನು ಮುಚ್ಚಳ ಹಾಕುವ ಮುಂಚೆ ತಡೆದ.

"ಕ್ಲಿಫ್ ಅಂಗಿಗಳು ಎಲ್ಲಿ?"

"ಮೇಲಿವೆ." ಈ ಸಲ ಮರೆತದ್ದಲ್ಲ, ಬೇಕೆಂದೇ ಬಿಟ್ಟು ಬಂದಿದ್ದೆ.

"ಹೋಗಿ ತನ್ನಿ, ಜಾಗ ಇದೆ. ನಮ್ಮಿಬ್ಬರದು ಮಾತ್ರ ಒಂದರಲ್ಲಿ ಒಗೆಯೋದು ಅವರಿಗೆ ಗೊತ್ತಾದ್ರೆ ಸರಿ ಅನ್ಸಲ್ಲ. ನನಗೂ ಸರಿ ಅನ್ಸಲ್ಲ."

ಆಗ ಹೇಳಿದೆ. ಮೆತ್ತಗೆ ಹೇಳಬೇಕೆಂದು ಎಷ್ಟು ಸಲ ಅಭ್ಯಾಸ ಮಾಡಿದ್ದೆನೋ, ಬಾಯಿಂದ ಬಂದದ್ದು ಮಾತ್ರ ಕಲ್ಲು ಎಸೆದ ಹಾಗೆ. "ಕ್ಲಿಫ್ ಇಲ್ಲ ಎಮಿಲ್. ಈ ಮನೆಗೆ ಬರೋಕೆ ಮುಂಚೇನೇ ತೀರಿಕೊಂಡ."

ಅವನು ಮಷೀನಿನ ಒಳಗೇ ನೋಡುತ್ತ ಕೇಳಿದ.

"ಮತ್ತೆ ಮೀನು?"

"ನಾನೇ ತಿಂದೆ. ಎರಡೂ."

"ಬೆನ್ನು ನೋವು?"

"ಸುಮ್ಮನೆ ಬಾಯಿಗೆ ಬಂತು. ನೀವು ಅವನ ಹೆಸರು ಹೇಳಿದ್ರಿ. ಯಾರೂ ಹೇಳ್ತಿರ್ಲಿಲ್ಲ. ಇನ್ನೂ ಒಂದು ಸಲ ಹೇಳ್ಲಿ ಅನ್ನಿಸ್ತು."

ಅವನು ಕುರ್ಚಿಯಲ್ಲಿ ಕೂತ. ಕೂತವನು ನನ್ನ ಮುಖ ನೋಡದೆ ಹೇಳಿದ, "ಇನ್ನೊಬ್ಬರ ಹೆಂಡತಿ ಜೊತೆ ಮಾತಾಡೋಕೆ ವಾರವೆಲ್ಲ ಕಾಯ್ತೀನಲ್ಲಾ ಅಂತ ನಾಚಿಕೆ ಆಗ್ತಿತ್ತು ನನಗೆ. ಅದಕ್ಕೇ ಅವರನ್ನ ಇಸ್ಪೀಟಿಗೆ ಕರೆದೆ. ಅವರಿಗೆ ಮೀನು ತಂದೆ. ಪಾದ್ರಿ ಹತ್ರ ಹೋಗಿ ಪಾಪ ಒಪ್ಪಿಕೊಂಡೆ ಮಾರ್ಲೀನ್. ದಿನಾ ಪ್ರಾರ್ಥನೆ ಮಾಡಿ, ಆ ಮನೆಯವರ ಆಯಸ್ಸಿಗೆ ಬೇಡ್ಕೊಳ್ಳಿ ಅಂದ್ರು. ಬೇಡ್ಕೊಂಡೆ. ದಿನಾ. ಕ್ಲಿಫ್ ಚೆನ್ನಾಗಿರಲಿ ಅಂತ."

ನಾನು ನಕ್ಕುಬಿಟ್ಟೆ. ಯಾಕೆ ನಕ್ಕೆನೋ, ಅಳುವ ಬದಲು ನಗು ಬಂತು. ಅವನು ಅದನ್ನು ಬೇರೆಯಾಗಿ ತಿಳಿದ. ಎದ್ದು ತನ್ನ ಬಟ್ಟೆಗಳನ್ನು ಒಂದೊಂದಾಗಿ ನನ್ನ ಬಟ್ಟೆಗಳ ನಡುವಿನಿಂದ ಹೆಕ್ಕಿಕೊಂಡ, ನೊರೆ ಸೋರುತ್ತಿದ್ದ ಹಾಗೇ ಬುಟ್ಟಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಮೆಟ್ಟಿಲ ಮೇಲೆಲ್ಲ ನೀರು. ವೆರ್ನಾ ಬೈಯುವ ಮುಂಚೆ ನಾನೇ ಒರೆಸಿದೆ.

ಏಪ್ರಿಲ್ ೨, ಭಾನುವಾರ

ಹೊಸ ಮಷೀನುಗಳು ಬಂದಿವೆ. ಬೆಳ್ಳಗೆ ಹೊಳೆಯುತ್ತಿವೆ. ಸದ್ದೇ ಇಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸುತ್ತವೆ. ಇನ್ನು ಯಾರು ಕೂರುತ್ತಾರೆ ಎಂದು ಕುರ್ಚಿಗಳನ್ನೂ ತೆಗೆದಿದ್ದಾರೆ. ಗೋಡೆಗೆ ಒರಗಿ ನಿಂತಿದ್ದೆ. ಎಮಿಲ್ ಬರಲಿಲ್ಲ.

ಏಪ್ರಿಲ್ ೭, ಶುಕ್ರವಾರ

ಮೀನಿನ ವಾಸನೆ ಕಾರಿಡಾರಿನಲ್ಲಿ ಬಂತು. ಬಾಗಿಲ ಹತ್ತಿರ ಹೋಗಿ ನಿಂತೆ. ಪಕ್ಕದ ಮನೆಯವರದು.

ಏಪ್ರಿಲ್ ೯, ಭಾನುವಾರ

ವೆರ್ನಾ ಹೇಳಿದಳು, ಪಾವ್ಲಿಕ್ ಈಗ ಗುರುವಾರ ಒಗೆಯುತ್ತಾರಂತೆ. "ಬಟ್ಟೆ ಹಾಕಿ ಮೇಲೆ ಓಡ್ತಾರೆ, ಫೋನ್ ಸದ್ದಾದ ತಕ್ಷಣ ಇಳಿದು ಬರ್ತಾರೆ. ಈ ಮಷೀನ್ ಬಂದ ಮೇಲೆ ಎಲ್ಲರಿಗೂ ಆರಾಮ. ನೀವ್ಯಾಕೆ ಹೀಗೆ ಸೊರಗಿದೀರಿ?"

"ಆರಾಮ ಜಾಸ್ತಿಯಾಯ್ತು" ಎಂದೆ.

ಗುರುವಾರ ಇಳಿದು ಹೋಗಬಹುದು. ಹೋಗುವುದಿಲ್ಲ. ಆ ಮನುಷ್ಯ ನನ್ನಿಂದ ತಪ್ಪಿಸಿಕೊಳ್ಳಲು ದಿನವನ್ನೇ ಬದಲಿಸಿಕೊಂಡಿದ್ದಾನೆ, ಅಷ್ಟಾದರೂ ನಾನು ಬಿಟ್ಟುಕೊಡಬೇಕು. ಆದರೆ ಹಗಲಿಡೀ ಕಿವಿ ಮೆಟ್ಟಿಲ ಕಡೆಗೇ ಇರುತ್ತದೆ. ಅವನ ಹೆಜ್ಜೆ ನನಗೆ ಗೊತ್ತು, ಮೂರನೇ ಮಹಡಿಯಿಂದ ಇಳಿಯುವಾಗ ನನ್ನ ಬಾಗಿಲ ಮುಂದೆ ಅದು ಒಂದಿಷ್ಟು ಬೇಗವಾಗುತ್ತದೆ.

ಕ್ಲಿಫ್‌ನ ಅಂಗಿಗಳನ್ನು ಮಡಿಸಿ ಬೀರುವಿನಲ್ಲಿಟ್ಟೆ. ಅಂಗಿಗಳ ತಪ್ಪೇನಿದೆ.

ಏಪ್ರಿಲ್ ೨೩, ಭಾನುವಾರ

ಬೆಳಿಗ್ಗೆ ಒಗೆಯಲು ಇಳಿದೆ. ಬಾಗಿಲ ಕಡೆಯ ಮಷೀನ್ ಆಗಲೇ ತಿರುಗುತ್ತಿತ್ತು, ಅದರ ಎದುರು ಎಮಿಲ್ ನಿಂತಿದ್ದ. ನಾನು ಬಾಗಿಲಲ್ಲೇ ನಿಂತೆ. ವಾಪಸು ಹೋಗೋಣ ಎನಿಸಿತು. ಆದರೂ ಒಳಗೆ ಹೋಗಿ ನನ್ನ ಬಟ್ಟೆ ಹಾಕಿ ಕಾರ್ಡು ತೋರಿಸಿದೆ. ಇಬ್ಬರೂ ಎರಡು ಮಷೀನ್ ನೋಡುತ್ತ ನಿಂತೆವು. ಯಾವುದೂ ಕೆಡಲಿಲ್ಲ. ಮಾತಾಡಲು ಒಂದು ನೆಪವನ್ನಾದರೂ ಕೊಡಬಾರದಾ ಈ ದರಿದ್ರ ಯಂತ್ರ ಎಂದುಕೊಂಡೆ.

ಅವನ ಮಷೀನ್ ಮುಗಿಸಿ ನಿಂತಿತು. ಅವನು ಬಟ್ಟೆಯೆಲ್ಲ ತೆಗೆದು ಬುಟ್ಟಿಗೆ ಹಾಕಿಕೊಂಡ. ಬುಟ್ಟಿ ಎತ್ತಿದ. ಬಾಗಿಲ ತನಕ ಹೋದ. ಸರಿ, ಹೋಗು ಎಂದು ನಾನು ಮನಸ್ಸಿನಲ್ಲೇ ಹೇಳಿದೆ, ಹೋಗಬೇಡ ಎಂದೂ ಹೇಳಿದೆ.

ಅವನು ತಿರುಗಿ ಬಂದ. ಒಗೆದ ಆ ಬಟ್ಟೆಗಳನ್ನೇ ಮತ್ತೆ ಮಷೀನಿಗೆ ತುಂಬಿದ, ಕಾರ್ಡು ತೋರಿಸಿ ಗುಂಡಿ ಒತ್ತಿದ.

"ಒಗೆದಾಗಿದೆಯಲ್ಲ ಅವು" ಎಂದೆ.

"ಆಗಿದೆ" ಎಂದ.

ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ನನ್ನದನ್ನೂ ಬೋರಲು ಹಾಕಿ ತನ್ನ ಪಕ್ಕಕ್ಕೆ ಎಳೆದ. ಕೂತೆ. ಮಷೀನಿಗೆ ನೀರು ತುಂಬಿತು. ಆಮೇಲೆ ಕೇಳಿದ, ತನ್ನ ಕೈಬೆರಳನ್ನೇ ನೋಡುತ್ತ, "ಕ್ಲಿಫ್ ಹೇಗೆ ಹೋದರು?"

ಯಾರೂ ಅದನ್ನು ನನಗೆ ಕೇಳಿರಲಿಲ್ಲ. ಆ ದಿನ ಬೆಳಿಗ್ಗೆ ಅವನು ಕಾಫಿ ಕುಡಿಯದೆ ಹೊರಟಿದ್ದರಿಂದ ಶುರುಮಾಡಿ ಎಲ್ಲ ಹೇಳಿದೆ.